ಬೆಂಡು ಮೀಮಾಂಸೆ

ಯಾವ ಶಾಸ್ತ್ರವನ್ನಾದರೂ ಆರಂಭಿಸುವ ಮೊದಲು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಈ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಈ ಶಾಸ್ತ್ರಕ್ಕೆ ಅಧಿಕಾರಿ, ಭಾನುವಾರ ಬೆಳಿಗ್ಗೆ ಮನೆಯಲ್ಲಿ ಯಾರಿಗೂ ಬೇಡವಾದವನು. ವಿಷಯ, ಗಾಳದ ದಾರಕ್ಕೆ ಕಟ್ಟುವ ಬೆಂಡು. ಸಂಬಂಧ, ಬೆಂಡಿಗೂ ಮೀನಿಗೂ ಇರಬೇಕಾದದ್ದು, ಬಹಳ ಸಲ ಇಲ್ಲದಿರುವುದು. ಪ್ರಯೋಜನ, ಸಾರು. ಅದು ಸಿದ್ಧಿಸದಿದ್ದರೆ ಮೀನು ಮಾರ್ಕೆಟ್ಟು ಉಂಟು. ಅದರ ವಿಚಾರ ಈ ಗ್ರಂಥಕ್ಕೆ ಹೊರಗು.

ಪೂರ್ವಸೂರಿಗಳಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನಿಗೆ ಮೊದಲ ನಮಸ್ಕಾರ. 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಆತ ಮತ್ಸ್ಯವಿನೋದಕ್ಕೆಂದೇ ಜಾಗ ಬಿಟ್ಟು, ಯಾವ ಮೀನಿಗೆ ಯಾವ ಎರೆ ಎಂದು ವಿಧಿಸಿದ್ದಾನೆ. ಅವನ ತಂದೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಅದು ಆಸ್ತಿ ಪಾಲಿನ ವಿಚಾರವನ್ನೂ ಹೇಳುವುದರಿಂದ ಟೀಕೆ, ಟೀಕೆಯ ಮೇಲೊಂದು ಟೀಕೆ, ಕೊನೆಗೆ ಹೈಕೋರ್ಟು ತೀರ್ಪುಗಳೂ ಬಂದವು. ದೊರೆಮಗನ ಮೀನಿನ ಪ್ರಕರಣಕ್ಕೆ ಅಂಥ ಭಾಷ್ಯಕಾರರ ಸಾಲು ಹುಟ್ಟಲಿಲ್ಲ. ಅಣ್ಣತಮ್ಮಂದಿರು ಗಾಳಕ್ಕಾಗಿಯೂ ದಾವೆ ಹೂಡಿದ್ದರೆ ನಾನು ಇಷ್ಟು ಶ್ರಮಪಡಬೇಕಿರಲಿಲ್ಲ.

ತುಂಗೆಯ ದಂಡೆಯಲ್ಲಿ ಕುಳಿತು ನೋಡಿದರೆ ಬೆಂಡಿನ ಮತಭೇದ ಸ್ಪಷ್ಟ. ಉದುರಿದ ನವಿಲುಗರಿಯ ದಂಟನ್ನು ಕೊಯ್ದು ಕಟ್ಟುವವರು ಶ್ರೌತರು; ದಂಟು ಹಗುರ, ಸಪೂರ, ಒಳಗೆ ಬಿಳಿ ತಿರುಳು, ಮೀನು ಮೂಸಿದರೂ ನಡುಗುತ್ತದೆ. ಜೋಳದ ದಂಟಿನವರು ಬಯಲುಸೀಮೆಯ ಕ್ಷಣಿಕವಾದಿಗಳು, ಏಕೆಂದರೆ ಅವರ ಬೆಂಡು ನೀರು ಕುಡಿದು ಮಧ್ಯಾಹ್ನದೊಳಗೆ ನಿರ್ವಾಣ ಹೊಂದುತ್ತದೆ. ಮೂರನೆಯದು ಹವಾಯಿ ಚಪ್ಪಲಿಯ ಪಂಥ. ಹಿಮ್ಮಡಿಯ ಕಡೆಯಿಂದ ಕೊಯ್ದ ತುಂಡು ನೀರು ಹೀರುವುದಿಲ್ಲ, ಬಂಡೆಗೆ ಬಡಿದರೆ ಒಡೆಯುವುದಿಲ್ಲ, ಖರ್ಚಿಲ್ಲ. ಪಂಡಿತರು ಇದನ್ನು ನಾಸ್ತಿಕ ದರ್ಶನವೆಂದು ಹೊರಗಿಟ್ಟಿದ್ದಾರೆ. ಮೀನು ಹೆಚ್ಚಾಗಿ ಇವರಿಗೇ ಸಿಗುವುದು ಆ ಬಹಿಷ್ಕಾರಕ್ಕೆ ಕಾರಣವಿರಬಹುದು.

ಈಗ ಪೂರ್ವಪಕ್ಷ: ಬೆಂಡೆಂದ ಮೇಲೆ ಚೆನ್ನಾಗಿ ತೇಲಬೇಕಲ್ಲವೆ? ಅಲ್ಲ. ಆರ್ಕಿಮಿಡೀಸನ ಸೂತ್ರದಂತೆ ವಸ್ತು ತಾನು ಸರಿಸಿದ ನೀರಿನ ತೂಕದಷ್ಟೇ ಬಲದಿಂದ ಮೇಲಕ್ಕೆ ಎತ್ತಲ್ಪಡುತ್ತದೆ. 1 ಘನ ಸೆಂಟಿಮೀಟರ್ ನೀರು ಸರಿಸಿದ್ದಕ್ಕೆ 1 ಗ್ರಾಂ ಹೊರುವ ಯೋಗ್ಯತೆ. ಈ ಯೋಗ್ಯತೆ ಬಳಕೆಯಾಗದೆ ಉಳಿದಷ್ಟೂ, ಎರೆ ಕಚ್ಚಿದ ಮೀನಿಗೆ ಮೇಲಿನಿಂದ ಯಾರೋ ಜಗ್ಗಿದ ಅನುಭವವಾಗಿ ಅದು ಉಗುಳಿ ಹೋಗುತ್ತದೆ. ಆದ್ದರಿಂದ ದಾರಕ್ಕೆ ಸೀಸದ ಗುಂಡು ಸೇರಿಸುತ್ತ ಬರಬೇಕು, ನೀರಿನ ಮೇಲೆ ತುದಿಯಷ್ಟೇ ಉಳಿಯುವವರೆಗೆ. ಮುಳುಗಲು ಒಂದು ನೆಪ ಸಾಕೆಂಬ ಸ್ಥಿತಿಯಲ್ಲಿರುವುದೇ ಉತ್ತಮ ಬೆಂಡು. (ಗುಂಡನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುವ ಸಂಪ್ರದಾಯವನ್ನು ಇಲ್ಲಿ ಖಂಡಿಸಲಾಗಿದೆ. ಸೀಸ ವಿಷ. ಹಂಸಗಳು ಅದನ್ನು ನುಂಗಿ ಸಾಯುತ್ತವೆಂದು ಇಂಗ್ಲೆಂಡಿನಲ್ಲಿ 1987ರಿಂದ ಬಹುತೇಕ ಗಾಳದ ಸೀಸದ ಮಾರಾಟವನ್ನೇ ನಿಲ್ಲಿಸಿದ್ದಾರೆ.)

ಕೆರೆಯ ಬೆಂಡನ್ನೇ ಹೊಳೆಗೆ ತರುವವರಿಗೆ ಹೊಳೆಯ ಸ್ವಭಾವ ತಿಳಿಯದು. ತಳದ ಕಲ್ಲು ಮರಳುಗಳ ತಡೆಯಿಂದ ಅಡಿಯ ನೀರು ನಿಧಾನ, ಮೇಲಿನದು ಬೇಗ. ಮೇಲಿನ ನೀರಿನ ಜೊತೆ ಓಡುವ ಬೆಂಡು, ಕೆಳಗಿನ ಎರೆಹುಳುವನ್ನು ಸಂತೆಗೆ ಹೊತ್ತಾದ ಗಂಡ ಹೆಂಡತಿಯನ್ನು ಎಳೆದೊಯ್ಯುವಂತೆ ಎಳೆಯುತ್ತದೆ. ಹೊಳೆಯಲ್ಲಿ ಅಷ್ಟು ಅವಸರದ ಎರೆಹುಳುವನ್ನು ಯಾವ ಮೀನೂ ಕಂಡಿಲ್ಲ. ಪರಿಹಾರವಿಷ್ಟೇ: ದಾರವನ್ನು ಹಿಡಿದು ಹಿಡಿದು ಬಿಡಿ, ಬೆಂಡು ತಡವರಿಸಲಿ, ಎರೆ ಮುಂದೆ ಹೋಗಲಿ. ಇದಕ್ಕೆ ಬೆಂಡಿನ ತಲೆ, ಬುಡ ಎರಡನ್ನೂ ದಾರಕ್ಕೆ ಬಿಗಿಯಬೇಕು. ಸೈಕಲ್ಲಿನ ವಾಲ್‌ಟ್ಯೂಬಿನ ತುಂಡು ಪ್ರಶಸ್ತ. ಸೆಳವಿಗೆ ಮೇಲುಭಾಗ ದಪ್ಪಗಿರುವ ಬೆಂಡು. ಗಾಳಿ ಬೀಸುವ ಗುಂಡಿಗಾದರೆ ಸಪೂರದ್ದನ್ನು ಬುಡಕ್ಕೆ ಮಾತ್ರ ಕಟ್ಟಿ ದಾರವನ್ನು ನೀರೊಳಗೆ ಮುಳುಗಿಸಿ.

ಕೊನೆಗೆ ಪ್ರಮಾಣ ವಿಚಾರ. ಬೆಟ್ಟದ ಹೊಗೆಯಿಂದ ಬೆಂಕಿಯನ್ನು ಊಹಿಸಿದ ನೈಯಾಯಿಕರ ದಾರಿಯಲ್ಲೇ ನಡೆಯೋಣ. ನೀರಿನಡಿ ಮೀನುಂಟು, ಇದು ಪ್ರತಿಜ್ಞೆ. ಬೆಂಡು ಮುಳುಗಿದ್ದರಿಂದ, ಇದು ಹೇತು. ಸೇತುವೆಯ ಕೆಳಗೆ ಹೋದ ವಾರ ಆದಂತೆ, ಇದು ಉದಾಹರಣೆ. ಉಪನಯ ಮುಗಿದು ನಿಗಮನಕ್ಕೆ ಬರುವಷ್ಟರಲ್ಲಿ ಕೊಕ್ಕೆಯಲ್ಲಿ ಹುಳು ಇರುವುದಿಲ್ಲ. ಮೇಲಾಗಿ ಹೇತುವೇ ದುಷ್ಟ: ಬಂಡೆ, ಬಿದಿರಿನ ಬೇರು, ಏಡಿ ಕೂಡ ಬೆಂಡನ್ನು ಮುಳುಗಿಸುತ್ತವೆ. ಪುಡಿಮೀನು ಕುಣಿಸುತ್ತದೆ, ಏಡಿ ಮೆಲ್ಲಗೆ ಜರುಗಿಸುತ್ತದೆ, ದೊಡ್ಡದು ಓರೆಯಾಗಿ ಎಳೆದೊಯ್ಯುತ್ತದೆ. ತಳದಲ್ಲಿ ಮೇಯುವ ಮೀನು ಎರೆಯ ಜೊತೆ ಸೀಸವನ್ನೂ ಎತ್ತಿದರೆ ಬೆಂಡು ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗುತ್ತದೆ. ವಿರುದ್ಧ ಹೇತುವಿನಿಂದ ಅದೇ ಸಾಧ್ಯ ಸಿದ್ಧಿಸುವ ಈ ಪ್ರಸಂಗಕ್ಕೆ ತರ್ಕಶಾಸ್ತ್ರದಲ್ಲಿ ಉತ್ತರವಿಲ್ಲ. ಥಟ್ಟನೆ ಕೋಲೆತ್ತುವುದೊಂದೇ ಉತ್ತರ.

ಶೃಂಗೇರಿ, ಚಿಬ್ಬಲಗುಡ್ಡೆಗಳ ದೇವರ ಮೀನುಗಳಿಗೆ ಈ ಶಾಸ್ತ್ರ ಅನ್ವಯಿಸದು; ಅಲ್ಲಿ ಮಂಡಕ್ಕಿ ಎರಚಿ ಕೈಮುಗಿದು ಬರತಕ್ಕದ್ದು. ಉಳಿದೆಡೆ ನನ್ನ ತೀರ್ಪು ಚಪ್ಪಲಿಯ ಪರ. ಒಪ್ಪದ ವಿದ್ವಾಂಸರು ಖಂಡನೆಗಳನ್ನು ಬರೆದು ಕಳಿಸಬಹುದು. ದಂಡೆಗೇ ಬಂದು ವಾದಿಸುವವರು, ನನ್ನ ಬೆಂಡು ಅಲ್ಲಾಡುತ್ತಿರುವಾಗ ಮಾತ್ರ ದಯವಿಟ್ಟು ಬಾಯಿ ತೆರೆಯಬಾರದು.