ತಿನ್ನದವರ ನೀರುಳ್ಳಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳೇ ಹವ್ಯಕರ ಮನೆಗಳಲ್ಲಿ ನೀರುಳ್ಳಿಯ ಸ್ಥಾನಮಾನ ಸ್ವಲ್ಪ ಗೊಂದಲದ್ದು. ಶ್ರಾದ್ಧ, ಏಕಾದಶಿಗಳಂದು ಅದರ ಹೆಸರೆತ್ತುವಂತಿಲ್ಲ. ಪೇಟೆಗೆ ಹೋದಾಗ ಮಸಾಲೆದೋಸೆಯ ಪಲ್ಯದಲ್ಲಿ ಅಡಗಿ ಕೂತಿದ್ದರೆ ಯಾರೂ ವಿಚಾರಿಸುವುದಿಲ್ಲ. ನಮ್ಮನೆಯಲ್ಲಿ ಅದು ಹಿಂದಿನ ಜಗಲಿಯ ಬುಟ್ಟಿಯವರೆಗೆ ಬಂದಿದೆ. ಅಡುಗೆಮನೆ ಹೊಗಬೇಕಾದರೆ ನಮ್ಮ ಅತ್ತೆ ಯಾವುದಾದರೂ ಮದುವೆಗೋ ಮುಂಜಿಗೋ ಹೊರಡಬೇಕು.

ಆ ಅತ್ತೆಯೇ ನಮ್ಮ ಹಿತ್ತಲಿನ ನೀರುಳ್ಳಿ ತಜ್ಞೆ. "ತಿಂಬದು ಬ್ಯಾರೆ, ಬೆಳೆಯದು ಬ್ಯಾರೆ" ಎನ್ನುವುದು ಅವರ ಸಿದ್ಧಾಂತ.

ಬೀಜ ಘಟ್ಟದ ಕೆಳಗಿನದು. ಬೇಸಗೆಯಲ್ಲಿ ಕುಮಟಾ ಹತ್ತಿರ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋದವರಿಗೆ ಗೊತ್ತು, ಅಳ್ವೇಕೋಡಿ, ಹಂದಿಗೋಣ, ವನ್ನಳ್ಳಿ ಕಡೆಯ ಸಿಹಿ ನೀರುಳ್ಳಿಯನ್ನು ಎಲೆ ಸಮೇತ ಜಡೆ ಹೆಣೆದು ರಸ್ತೆಬದಿಯಲ್ಲಿ ತೂಗುಹಾಕಿರುತ್ತಾರೆ. ಭತ್ತ ಕೊಯ್ದ ಗದ್ದೆಯಲ್ಲಿ ಬೆಳೆದದ್ದು. ಹಸಿಯಾಗಿ ಕಚ್ಚಿದರೂ ಕಣ್ಣಲ್ಲಿ ನೀರು ಬರುವುದಿಲ್ಲ. ನಾದಿನಿ ಅಂಥದೊಂದು ಜಡೆ ತಂದುಕೊಟ್ಟಳು, ತಿನ್ನಲಿ ಎಂದು. ಅತ್ತೆ ಅದನ್ನು ಮಳೆ ಮುಗಿಯುವವರೆಗೆ ಕಾದಿಟ್ಟು ಮಣ್ಣಿಗೆ ಊರಿದರು. ನೀರುಳ್ಳಿ ಎರಡು ವರ್ಷದ ಸಂಸಾರ. ಮೊದಲ ವರ್ಷ ಬೀಜದಿಂದ ಗಡ್ಡೆ, ಮರುವರ್ಷ ಗಡ್ಡೆಯಿಂದ ಹೂವು, ಬೀಜ. ಅಷ್ಟು ದಿನ ತಿನ್ನದೆ ಕಾಯಲು ತಿನ್ನದವರಿಗೇ ಸಾಧ್ಯ.

ಹಾಗೆ ಕಾದು ಪಡೆದ ಬೀಜವನ್ನು ಮುಂದಿನ ದೀಪಾವಳಿ ಕಳೆದ ಮೇಲೆ ಒಟ್ಟಲು ಹಾಕಿ, ಒಂದೂವರೆ ತಿಂಗಳಿಗೆ ಸಸಿ ಕಿತ್ತು ಮಡಿಯಲ್ಲಿ ನೆಟ್ಟದ್ದಾಯಿತು. ಅಲ್ಲಿಂದ ಶುರುವಾಯಿತು ಅಮ್ಮ ಮಗನ ಜಗಳ. ಅಡಿಕೆ ಬೆಳೆಗಾರನಿಗೆ ಯಾವ ಗಿಡದ ಬುಡ ಕಂಡರೂ ಕೈ ತಡೆಯುವುದಿಲ್ಲ. ಮಣ್ಣು ಏರಿಸಬೇಕು, ಸೊಪ್ಪು ಮುಚ್ಚಬೇಕು. ನೀರುಳ್ಳಿಯದು ಉಲ್ಟಾ ಸ್ವಭಾವ. ಗಡ್ಡೆ ಅರ್ಧ ನೆಲದ ಮೇಲೆ ಕೂತು ಬಿಸಿಲು ಕಾಯಿಸಿಕೊಂಡರೇ ದಪ್ಪವಾಗುವುದು. ನಮ್ಮವರು ಹಾರೆ ಹಿಡಿದು ಹಿತ್ತಲಿಗೆ ಇಳಿದರೆ ಸಾಕು, ಅತ್ತೆ ಜಪ ಅರ್ಧಕ್ಕೆ ಬಿಟ್ಟು ಓಡುತ್ತಿದ್ದರು.

ಜಾಗದ ವಿಷಯದಲ್ಲೂ ಅವರದೇ ಹಟ. ಬಾವಿಕಟ್ಟೆಯ ಪಕ್ಕ ಒಳ್ಳೇ ಬಿಸಿಲಿತ್ತು, ಬೇಡವೆಂದರು. ಮಳೆಗಾಲದಲ್ಲಿ ಕೊಳೆ ಔಷಧಿಯ ಡ್ರಮ್ಮು ತೊಳೆಯುವ ಜಾಗ ಅದು, "ಮೈಲುತುತ್ತ ಬಿದ್ದಲ್ಲಿ ಸೀ ಆಗ್ತಿಲ್ಲೆ." ಮೂಢನಂಬಿಕೆ ಎಂದುಕೊಂಡೆ. ಆಮೇಲೆ ಓದಿ ನೋಡಿದರೆ ಮೈಲುತುತ್ತದಲ್ಲಿ ತಾಮ್ರದ ಜೊತೆ ಗಂಧಕವೂ ಇದೆ, ನೀರುಳ್ಳಿಯ ಖಾರ, ಕಣ್ಣುರಿ ಎರಡಕ್ಕೂ ಮೂಲ ಆ ಗಂಧಕವೇ. ಸಿಹಿ ನೀರುಳ್ಳಿಯೆಂದರೆ ಸಕ್ಕರೆ ತುಂಬಿದ್ದೆಂದಲ್ಲ, ಖಾರ ಕಮ್ಮಿ ಇದ್ದದ್ದು. ಅಮೆರಿಕದ ಜಾರ್ಜಿಯಾದಲ್ಲಿ ಗಂಧಕ ಕಮ್ಮಿಯಿರುವ ಮರಳುಮಣ್ಣಿನಲ್ಲಿ ವಿಡಾಲಿಯಾ ಎಂಬ ಸಿಹಿ ನೀರುಳ್ಳಿ ಬೆಳೆಯುತ್ತಾರೆ. 1990ರಲ್ಲಿ ಅದನ್ನು ರಾಜ್ಯದ ಅಧಿಕೃತ ತರಕಾರಿ ಎಂದೇ ಘೋಷಿಸಿಕೊಂಡರು. ಆಗುಂಬೆ, ಹುಲಿಕಲ್ಲಿನ ಮಳೆ ಕಂಡ ನಮ್ಮ ಸೀಮೆಯಲ್ಲಿ ಮಣ್ಣಿನ ಗಂಧಕ ವರ್ಷವರ್ಷ ತೊಳೆದು ಹೊಳೆಗೆ ಹೋಗುತ್ತದೆ. ನಾವು ಅದನ್ನು ಡ್ರಮ್ಮಿನಲ್ಲಿ ಕಲಸಿ ಅಡಿಕೆ ಗೊನೆಗೆ ಹೊಡೆದು ವಾಪಸ್ಸು ತರುತ್ತೇವೆ. ಇಷ್ಟನ್ನೂ ಅತ್ತೆಗೆ ವಿವರಿಸಿದೆ. "ಅದನ್ನೇ ಅಲ್ದಾ ನಾ ಹೇಳಿದ್ದು?" ಎಂದರು.

ಯುಗಾದಿ ಹೊತ್ತಿಗೆ ಎಲೆಗಳ ಕುತ್ತಿಗೆ ಬಾಗಿತು. ನೀರು ನಿಲ್ಲಿಸಿ, ಮೊದಲ ಗುಡುಗುಮಳೆಗೆ ಮುಂಚೆ ಕಿತ್ತು, ಅಡಿಕೆ ಒಣಗಿಸುವ ಅಟ್ಟದ ನೆರಳಲ್ಲಿ ಹರವಿದೆವು. ಮುಷ್ಟಿಗಿಂತ ಚಿಕ್ಕವು, ಆದರೆ ಒಳ್ಳೇ ಬಣ್ಣ. ಮೊಮ್ಮಗಳ ತಲೆ ಬಾಚಿದ ಕೈಯಲ್ಲೇ ಅತ್ತೆ ಜಡೆಯನ್ನೂ ಹೆಣೆದರು. ಮೊಸರು ಸಾಸಿವೆಗೆ ಒಂದೆರಡು ಹೆಚ್ಚಿ ತಿಂದೆವು, ಕೊಟ್ಟಿಗೆ ಕಡೆ ಕೂತು. ಕುಮಟಾದ್ದರಷ್ಟು ಸಿಹಿ ಅನ್ನಲಾರೆ. ಅತ್ತೆಯ ಎದುರು ಅಂತೂ ಹಾಗೆ ಹೇಳಲಾರೆ.

ಇನ್ನು ಜಡೆ ಕಾಪಿಡುವ ಪ್ರಶ್ನೆ. ಒಲೆಯ ಹೊಗೆ ತಾಗುವಲ್ಲಿ ಕಟ್ಟಿದರೆ ಕೊಳೆಯುವುದಿಲ್ಲ. ಒಲೆಯೇನೋ ಅಡುಗೆಮನೆಯಲ್ಲಿದೆ, ಅಲ್ಲಿಗೆ ಪ್ರವೇಶವಿಲ್ಲ. ಅತ್ತೆ ಬಚ್ಚಲೊಲೆಯ ಮೇಲಿನ ತೊಲೆಗೆ ಕಟ್ಟಿಸಿದರು. ಮಾವನ ಶ್ರಾದ್ಧದ ದಿನ ಊಟ ಮುಗಿಸಿದ ಭಟ್ಟರು ಕೈ ತೊಳೆಯಲು ಬಚ್ಚಲಿಗೆ ಹೋದವರು ಬೇಗ ಬರಲಿಲ್ಲ. ಬಂದು, ದಕ್ಷಿಣೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ, "ಅಕ್ಕಯ್ಯಾ, ಬೀಜಕ್ಕೆ ಒಂದು ಜಡೆ ಸಿಗ್ತಾ?" ಎಂದು ಮೆಲ್ಲಗೆ ಕೇಳಿದರು.

ಬೀಜಕ್ಕೆ ನಾಲ್ಕು ಗಡ್ಡೆ ಧಾರಾಳ ಸಾಕು. ಅತ್ತೆ ಎರಡು ಜಡೆ ಕೊಟ್ಟರು, ಬಾಳೆಲೆಯಲ್ಲಿ ಸುತ್ತಿ.