ಸದಾಶಿವನಗರದಲ್ಲೊಂದು ಸುತ್ತು

ಬೆಂಗಳೂರಿನ ಸದಾಶಿವನಗರದಲ್ಲಿ ನಡೆದು ಹೋಗುವವರು ಎರಡೇ ಬಗೆ: ಮನೆಗೆಲಸಕ್ಕೆ ಬಂದವರು, ಇಲ್ಲವೇ ನಡೆಯದಿದ್ದರೆ ಕಷ್ಟ ಎಂದು ಡಾಕ್ಟರು ಹೆದರಿಸಿದವರು. ಎರಡಕ್ಕೂ ಸೇರದ ನನ್ನಂಥವನನ್ನು ಕಂಡರೆ ನಾಯಿಗಳಿಗೂ ಗೊಂದಲ. ಬೊಗಳುವುದೋ ಬೇಡವೋ ಎಂದು ವಾಚ್‌ಮನ್ ಮುಖ ನೋಡುತ್ತವೆ.

ಕಾಂಪೌಂಡುಗಳೋ, ಕತ್ತು ನೋಯುವಷ್ಟು ಎತ್ತರ. ಅದರಾಚೆ ಬಾಲ್ಕನಿ, ಬಾಲ್ಕನಿಯಲ್ಲಿ ಬೆತ್ತದ ಉಯ್ಯಾಲೆ, ಉಯ್ಯಾಲೆಯಲ್ಲಿ ಯಾರೂ ಇಲ್ಲ. ಇಷ್ಟೆಲ್ಲ ಸುರಿದು ಕಟ್ಟಿಸಿದವರು ಎಲ್ಲಿ ಕೂರುತ್ತಾರೋ! ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮರದ ನೆರಳನ್ನು ಪೂರಾ ಅನುಭವಿಸುತ್ತಿರುವವನು ವಾಚ್‌ಮನ್ ಒಬ್ಬನೇ. ಫುಟ್‌ಪಾತಿನ ಮೇಲೆ ಮನೆಯವರ ಹೂಕುಂಡಗಳು ವಾಯುವಿಹಾರಕ್ಕೆ ಬಂದಿರುವುದರಿಂದ ನಾವು ರಸ್ತೆಗೇ ಇಳಿಯಬೇಕು.

ತಮಾಷೆಯೆಂದರೆ, ಬಡಾವಣೆಗೆ ಯಾರ ಹೆಸರಿದೆಯೋ ಆ ಕಾರ್ನಾಡ ಸದಾಶಿವರಾಯರು ಮಂಗಳೂರಿನ ಅನುಕೂಲಸ್ಥ ಮನೆತನದವರು. ಸ್ವಾತಂತ್ರ್ಯ ಹೋರಾಟಕ್ಕೆಂದು ಇದ್ದದ್ದನ್ನೆಲ್ಲ ಕೊಟ್ಟು, 1937ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಬರಿಗೈ. ಅವರೇ ಈಗ ಬಂದು ಇಲ್ಲಿನ ಗೇಟು ತಟ್ಟಿದರೂ, “ಅಪಾಯಿಂಟ್‌ಮೆಂಟ್ ಇದೆಯಾ?” ಎಂದು ಕೇಳಿಯಾರು.

ಸ್ಯಾಂಕಿ ಕೆರೆಯತ್ತ ತಿರುಗುವ ಮೊದಲು ಒಂದು ಗೇಟಿನ ಮುಂದೆ ತುಸು ಹೆಚ್ಚೇ ಹೊತ್ತು ನಿಂತೆ.

“ಯಾರು ಬೇಕಿತ್ತು ಸಾರ್?”

“ಯಾರೂ ಬೇಡಪ್ಪ. ಸುಮ್ನೆ ಮನೆ ನೋಡ್ತಿದ್ದೆ.”

“ಸುಮ್ನೆ ಯಾರ್ ಸಾರ್ ನೋಡ್ತಾರೆ? ಒಂದೋ ಬ್ರೋಕರು, ಇಲ್ಲಾಂದ್ರೆ ಇನ್‌ಕಮ್ ಟ್ಯಾಕ್ಸ್‌ನೋರು.”

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವನು ಥಟ್ಟನೆ ಎದ್ದು, ಕುರ್ಚಿಯನ್ನು ಟವೆಲಿನಿಂದ ಒರೆಸಿ ನನ್ನತ್ತ ಸರಿಸಿದ.