ಸತ್ಯ ಮತ್ತು ಶೈತ್ಯ: ಗುರ್ಜರ ನಗರತ್ರಯದಲ್ಲಿ ಫ್ರಿಜ್ಜಿನ ಸೆನ್ಸರ್ ಮೀಮಾಂಸೆ

ಎಸ್.ಎಲ್. ಭೈರಪ್ಪನವರು ಸತ್ಯ ಮತ್ತು ಸೌಂದರ್ಯದ ಸಂಬಂಧವನ್ನು ಕುರಿತು ಮಹಾಪ್ರಬಂಧ ಬರೆದು ಡಾಕ್ಟರೇಟ್ ಪಡೆದದ್ದು ವಡೋದರದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಿಂದ. ಸೌಂದರ್ಯದ ವಿಚಾರ ಅಲ್ಲಿಗೆ ಇತ್ಯರ್ಥವಾಯಿತೆಂದು ಭಾವಿಸೋಣ. ಅದೇ ಊರಿನಲ್ಲಿ, ಅದರ ಮೇಲಿನ ಅಹಮದಾಬಾದಿನಲ್ಲಿ, ಕೆಳಗಿನ ಸೂರತ್ತಿನಲ್ಲಿ ಇನ್ನೂ ಇತ್ಯರ್ಥವಾಗದೆ ಉಳಿದಿರುವ ವ್ಯಾಜ್ಯವೊಂದಿದೆ: ಫ್ರಿಜ್ಜಿನೊಳಗೆ ನಿಜವಾಗಿ ಎಷ್ಟು ತಂಪಿದೆ, ಅದನ್ನು ಹೇಳುವ ಅಧಿಕಾರ ಯಾರದು? ಪ್ರಸ್ತುತ ಪ್ರಬಂಧ ಈ ಕೊರತೆಯನ್ನು ತುಂಬಲು ಹೊರಟಿದೆ. ಅನುದಾನಕ್ಕೆ ಯಾರೂ ಅರ್ಜಿ ಕರೆದಿಲ್ಲ.

ಮೊದಲು ಪೂರ್ವಪಕ್ಷಗಳು. ಗುಂಡಿ ಪಂಥದವರು ಅತ್ಯಂತ ಪ್ರಾಚೀನರು. ಹಾಲು ಒಡೆದರೆ ಗುಂಡಿಯನ್ನು ಬಲಕ್ಕೆ ತಿರುಗಿಸು, ಮೊಸರು ಗಡ್ಡೆ ಕಟ್ಟಿದರೆ ಎಡಕ್ಕೆ ತಿರುಗಿಸು ಎಂಬುದು ಇವರ ಏಕೈಕ ಸೂತ್ರ. ಹಳೆಯ ಒಂಟಿ ಬಾಗಿಲಿನ ಫ್ರಿಜ್ಜಿನಲ್ಲಿ ಇದಕ್ಕೆ ಅರ್ಥವಿತ್ತು. ಅದರ ಥರ್ಮೋಸ್ಟಾಟಿನ ಸಪೂರ ನಳಿಗೆಯೊಳಗಿನ ಅನಿಲ ಹಿಗ್ಗಿ ಕುಗ್ಗಿ ಸ್ವಿಚ್ಚನ್ನು ತಳ್ಳುತ್ತಿತ್ತು, ಗುಂಡಿ ಆ ಸ್ವಿಚ್ಚಿನ ಹಟವನ್ನು ಹೆಚ್ಚು ಕಡಿಮೆ ಮಾಡುತ್ತಿತ್ತು. ಈಗಿನ ಫ್ರಿಜ್ಜುಗಳ ಮೇಲೆ ಹೊಳೆಯುವ ಅಂಕಿ ಬೇರೆ ಜಾತಿಯದು. ಎಷ್ಟೋ ಮಾದರಿಗಳಲ್ಲಿ ಅದು ಒಳಗಿರುವ ಉಷ್ಣತೆಯಲ್ಲ, ನೀವು ಬಯಸಿದ ಉಷ್ಣತೆ. ನಿಮ್ಮ ಆಸೆಯನ್ನೇ ನಿಮಗೆ ತೋರಿಸಿ ಸಮಾಧಾನಪಡಿಸುವ ಯಂತ್ರವನ್ನು ಪ್ರಮಾಣವೆಂದು ಒಪ್ಪಲು ಯಾವ ತಾರ್ಕಿಕನೂ ಸಿದ್ಧನಿಲ್ಲ.

ಎರಡನೆಯದು ಗ್ಯಾಸ್ ಪಂಥ. ಇದರ ಆಚಾರ್ಯರು ಸ್ಕೂಟರಿನಲ್ಲಿ ಬರುತ್ತಾರೆ, ಫ್ರಿಜ್ಜಿನ ಹಿಂಭಾಗವನ್ನು ಅಂಗೈಯಿಂದ ಮುಟ್ಟುತ್ತಾರೆ, ಕಣ್ಣು ಮುಚ್ಚಿ ನುಡಿಯುತ್ತಾರೆ: ‘ಬೇನ್, ಗ್ಯಾಸ್ ನೀಕಳೀ ಗಯೋ ಛೇ.’ ಗ್ಯಾಸ್ ಹೊರಟುಹೋಗಿದೆಯಂತೆ. ಎಲ್ಲಿಗೆ ಎಂದು ಕೇಳುವ ಶಿಷ್ಯರಿಲ್ಲ. ಫ್ರಿಜ್ಜಿನ ಕೊಳವೆಗಳು ಬೆಸುಗೆ ಹಾಕಿ ಮುಚ್ಚಿದ ವ್ಯವಸ್ಥೆ. ಅದರೊಳಗಿನ ಅನಿಲ ಅಡುಗೆ ಸಿಲಿಂಡರಿನಂತೆ ಬಳಸಿ ಮುಗಿಯುವುದಿಲ್ಲ. ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ, ಸೋರಿದ ಜಾಗ ಹುಡುಕದೆ ತುಂಬಿದರೆ ಮತ್ತೆ ಸೋರುತ್ತದೆ. ಈಗ ಬಹಳ ಫ್ರಿಜ್ಜುಗಳಲ್ಲಿರುವ ಆರ್600ಎ ಬೆಂಕಿ ಹತ್ತುವ ಅನಿಲವಾದ್ದರಿಂದ ಅದರ ಎದುರು ಬೆಸುಗೆಯ ಜ್ವಾಲೆ ಹಿಡಿಯುವುದು ತರ್ಕದೋಷ ಮಾತ್ರವಲ್ಲ, ಪ್ರಾಣದೋಷ. ಆದರೂ ಗ್ಯಾಸ್ ಪಂಥಕ್ಕೆ ಮೂರು ನಗರಗಳಲ್ಲೂ ರಾಜಾಶ್ರಯವಿದೆ. ಸೆನ್ಸರ್ ಬದಲಿಸಿದರೆ ಸಿಗುವ ದಕ್ಷಿಣೆಗಿಂತ ಗ್ಯಾಸ್ ತುಂಬಿದರೆ ಸಿಗುವ ದಕ್ಷಿಣೆ ದೊಡ್ಡದೆಂಬುದಕ್ಕೂ ಈ ಸಿದ್ಧಾಂತದ ಜನಪ್ರಿಯತೆಗೂ ಸಂಬಂಧವಿಲ್ಲವೆಂದು ಆಚಾರ್ಯರೇ ಹೇಳಿದ್ದಾರೆ.

ಮೂರನೆಯದಾದ ಅತ್ತೆಯವರ ಪಂಥವು ಸಕಲ ದೋಷಕ್ಕೂ ಸೊಸೆ ಬಾಗಿಲು ತೆರೆದಿಟ್ಟದ್ದೇ ಕಾರಣವೆನ್ನುತ್ತದೆ. ಇದನ್ನು ಖಂಡಿಸುವ ಧೈರ್ಯ ನಮಗಿಲ್ಲ. ಅರ್ಧ ನಿಜವೂ ಹೌದು.

ಇನ್ನು ಸಿದ್ಧಾಂತ. ಫ್ರಿಜ್ಜಿಗೆ ಒಳಗಿನ ತಂಪು ಗೊತ್ತಾಗುವುದು ಕಡಲೆಕಾಳಿನಷ್ಟು ದಪ್ಪದ ತಲೆಯ, ಎರಡು ತಂತಿಯ ಥರ್ಮಿಸ್ಟರ್ ಎಂಬ ಸಾಕ್ಷಿಯಿಂದ. ಇದರ ಸ್ವಭಾವ ಲೋಹಗಳಿಗೆ ವಿರುದ್ಧ: ಬಿಸಿಯಾದಷ್ಟೂ ವಿದ್ಯುತ್ತಿಗೆ ಇದರ ರೋಧ ತಗ್ಗುತ್ತದೆ, ತಣ್ಣಗಾದಷ್ಟೂ ಏರುತ್ತದೆ. ಬೆಳ್ಳಿಯ ಸಲ್ಫೈಡಿನಲ್ಲಿ ಈ ವಿಪರೀತ ನಡತೆಯನ್ನು ಮೈಕೆಲ್ ಫ್ಯಾರಡೆ ಗುರುತಿಸಿದ್ದು 1833ರಲ್ಲಿ. ಅದೇ 1833ರಲ್ಲಿ ಬಾಸ್ಟನ್ನಿನ ಕೆರೆಗಳ ಮಂಜುಗಡ್ಡೆ ಹೇರಿಕೊಂಡ ‘ಟಸ್ಕನಿ’ ಹಡಗು ಕಲ್ಕತ್ತೆಗೆ ಬಂದು ತಲುಪಿತು. ಶೈತ್ಯವೂ ಅದರ ಸಾಕ್ಷಿಯೂ ಒಂದೇ ವರ್ಷದಲ್ಲಿ ಅವತರಿಸಿದ್ದನ್ನು ಕಾಕತಾಳೀಯ ಎನ್ನುವವರು ಸಂಶೋಧನೆಗೆ ನಾಲಾಯಕ್ಕು.

ಸಾಮಾನ್ಯ ಮಾದರಿಯೊಂದು 25 ಡಿಗ್ರಿಯಲ್ಲಿ 10 ಕಿಲೋ ಓಮ್ ತೋರಿಸಿದರೆ, 0 ಡಿಗ್ರಿಯಲ್ಲಿ ಸುಮಾರು 27ರಿಂದ 33 ಕಿಲೋ ಓಮ್. ಕೆಲವು ಕಂಪನಿಗಳದು 25 ಡಿಗ್ರಿಗೆ 5 ಕಿಲೋ ಓಮಿನ ಸಂಪ್ರದಾಯ. ಡಿಗ್ರಿಯೊಂದಕ್ಕೆ ಶೇಕಡಾ 4–5ರಷ್ಟು ಬದಲಾವಣೆ. ಫ್ರಿಜ್ಜಿನ ನಿಯಂತ್ರಣ ಬೋರ್ಡು ಈ ರೋಧವನ್ನೇ ಓದಿ ಕಂಪ್ರೆಸರನ್ನು ಓಡಿಸುತ್ತದೆ, ನಿಲ್ಲಿಸುತ್ತದೆ. ಬೋರ್ಡು ಸ್ವತಃ ಎಂದೂ ತಂಪನ್ನು ಕಂಡಿಲ್ಲ. ಹೇಳಿದ್ದನ್ನು ಕೇಳುವುದೇ ಅದರ ಕೆಲಸ.

ಸಾಕ್ಷಿ ಕೆಡುವ ಬಗೆಗಳು ಮುಖ್ಯವಾಗಿ ನಾಲ್ಕು. ತಂತಿ ಪೂರ್ತಿ ಕಡಿದರೆ ಅಥವಾ ಒಂದಕ್ಕೊಂದು ತಾಗಿದರೆ ಅದು ಪ್ರಾಮಾಣಿಕ ಸುಳ್ಳು. ಬೋರ್ಡು ತಕ್ಷಣ ಪತ್ತೆ ಹಚ್ಚಿ ಪರದೆಯ ಮೇಲೆ ದೋಷಾಕ್ಷರ ಬರೆಯುತ್ತದೆ. ಅಪಾಯಕಾರಿ ಸುಳ್ಳು ಸೂರತ್ತಿನದು. ತಾಪಿ ನದಿ ಸಮುದ್ರ ಸೇರುವ ಆ ಬದಿಯಲ್ಲಿ ಮಳೆಗಾಲದ ಹವೆಯೇ ಅರ್ಧ ನೀರು. ಕನೆಕ್ಟರಿನ ಪಿನ್ನುಗಳಿಗೆ ಕಿಲುಬು ಹಿಡಿದರೆ ಅದರ ರೋಧವೂ ಸೆನ್ಸರಿನ ರೋಧಕ್ಕೆ ಸೇರುತ್ತದೆ. ‘ರೋಧ ಹೆಚ್ಚು, ಆದ್ದರಿಂದ ತಂಪು ಹೆಚ್ಚು’ ಎಂದು ಬೋರ್ಡು ಅನುಮಾನಿಸಿ ಕಂಪ್ರೆಸರಿಗೆ ರಜೆ ಕೊಡುತ್ತದೆ, ಒಳಗೆ ಶ್ರೀಖಂಡ ಹುಳಿಯುತ್ತದೆ. ಸೆನ್ಸರಿನ ತಲೆಯೊಳಗೇ ತೇವ ನುಗ್ಗಿ ವಿದ್ಯುತ್ತಿಗೆ ಕಳ್ಳದಾರಿ ಸಿಕ್ಕರೆ ಫಲ ತಿರುಗುಮುರುಗು: ರೋಧ ಕಡಿಮೆ, ಆದ್ದರಿಂದ ಬಿಸಿ ಎಂದು ತಿಳಿದು ಕಂಪ್ರೆಸರ್ ಹಗಲಿರುಳು ಓಡುತ್ತದೆ, ಕೊತ್ತಂಬರಿ ಸೊಪ್ಪು ಗಾಜಿನಂತಾಗುತ್ತದೆ. ಹಗ್ಗವನ್ನು ಹಾವೆಂದುಕೊಂಡವನಾದರೂ ದೀಪ ತಂದಾಗ ನಾಚುತ್ತಾನೆ. ಬಾಗಿಲು ತೆರೆದಾಗ ದೀಪ ಹತ್ತಿದರೂ ಫ್ರಿಜ್ಜಿಗೆ ನಾಚಿಕೆಯಿಲ್ಲ.

ನಾಲ್ಕನೆಯ ಬಗೆಗೆ ವಡೋದರವೇ ಪ್ರಶಸ್ತ ಕ್ಷೇತ್ರ, ಏಕೆಂದರೆ ಆ ಊರಿನ ನದಿಯ ಹೆಸರು ವಿಶ್ವಾಮಿತ್ರಿ. ಮೊಸಳೆಗಳಿಗೂ 2024ರ ಆಗಸ್ಟಿನ ನೆರೆಗೂ ಹೆಸರಾದ ಈ ನದಿಗೂ ತ್ರಿಶಂಕುವನ್ನು ನಡುವೆ ನಿಲ್ಲಿಸಿದ ಮುನಿಗೂ ಹೆಸರಿನ ನಂಟಿರುವುದರಿಂದ, ಮೇಲೆ ಐಸು, ಕೆಳಗೆ ಬೆಚ್ಚಗೆ ಎಂಬ ಸ್ಥಿತಿಯನ್ನು ನಾವು ತ್ರಿಶಂಕು ದೋಷವೆಂದು ನಾಮಕರಣ ಮಾಡಿದ್ದೇವೆ. ಫ್ರಾಸ್ಟ್‌ಫ್ರೀ ಫ್ರಿಜ್ಜಿನಲ್ಲಿ ಫ್ರೀಜರಿನ ಹಿಂದಿನ ಸುರುಳಿಗೆ ಕಟ್ಟುವ ಮಂಜನ್ನು ಆಗಾಗ ಹೀಟರ್ ಕರಗಿಸಬೇಕು. ಸಾಕಷ್ಟು ಬಿಸಿಯಾಯಿತು ಎಂದು ಹೇಳುವ ಡಿಫ್ರಾಸ್ಟ್ ಸೆನ್ಸರ್ ಅವಸರದ ಪ್ರಾಣಿಯಾದರೆ ಹೀಟರ್ ಬೇಗನೆ ಆರುತ್ತದೆ, ಮಂಜು ಉಳಿಯುತ್ತದೆ, ಗಾಳಿಯ ದಾರಿ ಮುಚ್ಚುತ್ತದೆ. ಮೇಲೆ ಐಸ್‌ಕ್ರೀಮು ಕಲ್ಲು, ಕೆಳಗೆ ಹಾಲು ಒಡೆದ ನೀರು. ಆಗ ಯಾರೋ ಹಿರಿಯರು ಒಂದು ದಿನ ಪ್ಲಗ್ ಕಿತ್ತಿಡಿ ಎನ್ನುತ್ತಾರೆ. ಮಂಜೆಲ್ಲ ಕರಗಿ ಫ್ರಿಜ್ ಸರಿಯಾಗುತ್ತದೆ, ಹಿರಿಯರ ಕೀರ್ತಿ ಸೊಸೈಟಿಯ ತುಂಬ ಹಬ್ಬುತ್ತದೆ. ಕೆಲವು ದಿನ ಕಳೆದು ಮಂಜು ಮತ್ತೆ ಕಟ್ಟುವ ಹೊತ್ತಿಗೆ ಅವರು ಮಗನ ಮನೆಗೆ ಹೋಗಿರುತ್ತಾರೆ.

ಅಹಮದಾಬಾದಿನ ಸಮಸ್ಯೆ ನ್ಯಾಯಶಾಸ್ತ್ರದ್ದು: ಅಲ್ಲಿ ನಿರಪರಾಧಿ ಸೆನ್ಸರಿಗೆ ಶಿಕ್ಷೆಯಾಗುವ ಸಂಭವ ಹೆಚ್ಚು. ಫ್ರಿಜ್ಜುಗಳ ಹವಾಮಾನ ವರ್ಗಗಳಲ್ಲಿ ಅತಿ ಬಿಸಿಯಾದ ‘ಟಿ’ ವರ್ಗ, ಅಂದರೆ ಉಷ್ಣವಲಯದ್ದು, ಹೊಣೆ ಹೊರುವುದು ಸುತ್ತಲಿನ ಗಾಳಿ 43 ಡಿಗ್ರಿ ಮುಟ್ಟುವವರೆಗೆ ಮಾತ್ರ. 2016ರ ಮೇ 20ರಂದು ಅಹಮದಾಬಾದ್ ಮುಟ್ಟಿದ್ದು 48. ಬಿಸಿಗಾಳಿಯಿಂದ ಮನುಷ್ಯರನ್ನು ಕಾಯಲು 2013ರಲ್ಲೇ ಕ್ರಿಯಾಯೋಜನೆ ರೂಪಿಸಿದ ನಗರವದು. ಫ್ರಿಜ್ಜು ಮಾತ್ರ ತನ್ನ ಪಾಡಿಗೆ ತಾನು ಗೋಡೆಗೆ ಬೆನ್ನು ಅಂಟಿಸಿಕೊಂಡು ನಿಂತಿರುತ್ತದೆ. ಅದರ ಹೊಟ್ಟೆಗೆ ಮೂರು ಪಾತ್ರೆ ಕೇರಿ ರಸ, ಅಂದರೆ ಮಾವಿನ ರಸ, ತುರುಕಿ, ನಿಲ್ಲದೆ ಓಡುತ್ತಿದೆಯೆಂದು ದೂರುತ್ತಾರೆ. ಇಂಥಲ್ಲಿ ಆಪಾದನೆಗೆ ಮುನ್ನ ಫ್ರಿಜ್ಜನ್ನು ಗೋಡೆಯಿಂದ ಈಚೆ ಎಳೆಯತಕ್ಕದ್ದು.

ಪರೀಕ್ಷಾವಿಧಿಯಲ್ಲಿ ಕನ್ನಡಿಗರಿಗೆ ವಂಶಪಾರಂಪರ್ಯದ ಅನುಕೂಲವೊಂದಿದೆ. ತಾರ್ಕಿಕರು ಒಪ್ಪುವ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳ ಜೊತೆಗೆ ದೋಸೆಹಿಟ್ಟನ್ನು ಐದನೆಯ ಪ್ರಮಾಣವಾಗಿ ನಾವು ಪ್ರತಿಪಾದಿಸುತ್ತೇವೆ. ಪರದೆ 3 ಡಿಗ್ರಿ ಎನ್ನುತ್ತಿರುವಾಗ ರಾತ್ರಿ ಒಳಗಿಟ್ಟ ಹಿಟ್ಟು ಬೆಳಿಗ್ಗೆ ಮುಚ್ಚಳ ಎತ್ತಿ ತರಕಾರಿ ಡಬ್ಬಿಗೆ ಇಳಿದಿದ್ದರೆ ನಂಬಬೇಕಾದದ್ದು ಹಿಟ್ಟನ್ನು. ಸಂಶಯಾತ್ಮರು ನಡುತಟ್ಟೆಯಲ್ಲಿ ನೀರಿನ ಲೋಟದೊಳಗೆ ಥರ್ಮಾಮೀಟರ್ ಇಟ್ಟು ರಾತ್ರಿ ಕಳೆಯಲಿ. 4 ಡಿಗ್ರಿಗಿಂತ ಮೇಲಿದ್ದರೆ ವ್ಯಾಜ್ಯ ಹೂಡಬಹುದು.

ಆಮೇಲೆ ಸಾಕ್ಷಿಯ ಪಾಟೀಸವಾಲು. ಪ್ಲಗ್ ಕಿತ್ತು, ಸೆನ್ಸರಿನ ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರ್ ಹಿಡಿಯಿರಿ. ಸೆನ್ಸರನ್ನು ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದರೆ ಅಂಕಿ ನಿಧಾನವಾಗಿ ಇಳಿಯಬೇಕು. ಕುಣಿದರೆ ಸಾಕ್ಷಿ ಹುಚ್ಚು. ನಂತರ ಪುಡಿ ಮಾಡಿದ ಐಸು ತುಂಬಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ, ಕಲಕಿ, ಅದರಲ್ಲಿ ಮುಳುಗಿಸಿ ಐದು ನಿಮಿಷ ಕಾಯಬೇಕು. ಕರಗುತ್ತಿರುವ ಐಸು 0 ಡಿಗ್ರಿ, ಆದ್ದರಿಂದ ರೋಧವು ಕಂಪನಿಯ ಕೋಷ್ಟಕದಲ್ಲಿ 0 ಡಿಗ್ರಿಗೆ ಬರೆದ ಅಂಕಿಯ ಹತ್ತಿರ ನಿಲ್ಲಬೇಕು. ನಿಂತರೆ ಸೆನ್ಸರ್ ಖುಲಾಸೆ. ಕನೆಕ್ಟರ್, ಫ್ಯಾನು, ಬಾಗಿಲಿನ ರಬ್ಬರುಗಳ ವಿಚಾರಣೆ ಶುರು. ಮೇ ತಿಂಗಳಲ್ಲಿ ಈ ಪ್ರಯೋಗ ಹಲವೆಡೆ ವಿಫಲವಾಗುವುದಕ್ಕೆ ಕಾರಣ, ಯಾರಾದರೂ ಲೋಟವನ್ನು ಕುಡಿದುಬಿಡುವುದು.

ಆಕ್ಷೇಪ: ಕೆಟ್ಟ ಫ್ರಿಜ್ಜಿನಲ್ಲಿ ಐಸು ಎಲ್ಲಿಂದ ಬರಬೇಕು? ಪಕ್ಕದ ಮನೆಯಿಂದ ತಂದರೆ ಆ ಫ್ರಿಜ್ಜಿನ ಸೆನ್ಸರ್ ಸತ್ಯವಂತನೆಂದು ಹೇಳುವವರು ಯಾರು? ಅದಕ್ಕೆ ಮೂರನೆಯ ಮನೆಯ ಐಸು, ಅದಕ್ಕೆ ನಾಲ್ಕನೆಯದು. ಇದು ಅನವಸ್ಥಾ ದೋಷವಲ್ಲವೆ?

ಸಮಾಧಾನ: ಅಲ್ಲ. ಐಸು ಯಾರ ಮನೆಯದಾದರೂ, ಎಷ್ಟೇ ಸುಳ್ಳು ಹೇಳುವ ಫ್ರಿಜ್ಜಿನಲ್ಲಿ ಹುಟ್ಟಿದ್ದಾದರೂ, ಕರಗುವಾಗ 0 ಡಿಗ್ರಿಯೇ. ಅದು ಸ್ವತಃಪ್ರಮಾಣ. ಪಕ್ಕದ ಮನೆಯವರೊಡನೆ ಮಾತು ಬಿಟ್ಟವರು ಐಸು ತುರಿದು ಪಾಕ ಹಾಕಿ ಮಾರುವ ಗೋಲಾ ಗಾಡಿಯವನ ಬಳಿ ಹೋಗಿ ‘ಭಾಯ್, ಖಾಲಿ ಬರಫ್ ಆಪೋ’, ಬರೀ ಐಸು ಕೊಡಿ, ಎನ್ನಬಹುದು. ಬಣ್ಣದ ಪಾಕ ಬೀಳದಂತೆ ನೋಡಿಕೊಳ್ಳಬೇಕು, ಸಕ್ಕರೆಯಾಗಲಿ ಉಪ್ಪಾಗಲಿ ಬೆರೆತರೆ ಐಸು 0ಗಿಂತ ಕೆಳಗೆ ಕರಗಿ ಪ್ರಮಾಣ ಕೆಡುತ್ತದೆ. ಅವನು ನಿಮ್ಮನ್ನು ಮೇಲಿಂದ ಕೆಳಗೆ ನೋಡಿ ಪೂರ್ತಿ ಗೋಲಾದ ಬೆಲೆಯನ್ನೇ ತೆಗೆದುಕೊಳ್ಳುತ್ತಾನೆ. ಕಾಲಾಖಟ್ಟಾ ಪಾಕ ಬೇಡವೆಂದದ್ದಕ್ಕೆ ರಿಯಾಯಿತಿಯಿಲ್ಲ.